ಬೆರಳಲ್ಲಿ ಮೂರು ಸುತ್ತು

ನಮ್ಮ ಮನೆಯಲ್ಲಿ ನೀರಿನ ಬಾಟಲಿಯ ಮುಚ್ಚಳ ಹಾಕುವ ಕೆಲಸವನ್ನು ನನಗೆ ಯಾರೂ ಕೊಡುವುದಿಲ್ಲ. ಕೊಟ್ಟರೆ ತಡವಾಗುತ್ತದೆ. ಮುಚ್ಚಳವನ್ನು ಬಾಟಲಿಯ ಬಾಯಿಯ ಮೇಲೆ ಮೆಲ್ಲಗೆ ಇಟ್ಟು, ಎರಡೇ ಬೆರಳಿನಲ್ಲಿ ಸುತ್ತಿಸಿ, ಅದು ಎಲ್ಲೂ ಕಚ್ಚದೆ ಸಲೀಸಾಗಿ ಹೋಗುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಬಿಗಿ ಮಾಡುತ್ತೇನೆ. ಟಾರ್ಚಿನ ಹಿಂಬದಿಯ ಮುಚ್ಚಳಕ್ಕೂ ಇದೇ ಉಪಚಾರ. ನಲ್ಲಿಗೆ ಪೈಪು ಸಿಕ್ಕಿಸುವಾಗಲೂ ಇದೇ. "ಮುಚ್ಚಳ ಹಾಕ್ತಿದೀರೋ, ಮದುವೆ ಹೆಣ್ಣಿಗೆ ಬಳೆ ತೊಡಿಸ್ತಿದೀರೋ?" ಎಂದು ನನ್ನ ಹೆಂಡತಿ ವಿಮಲ ಮೊದಮೊದಲು ಕೀಟಲೆ ಮಾಡುತ್ತಿದ್ದಳು.

ಈಗ ಮಾಡುವುದಿಲ್ಲ. ಕಾರಣ ಅವಳಿಗೆ ಗೊತ್ತಾಗಿದೆ. ನಿಮಗೂ ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೇಸರಿಸಬೇಡಿ. ನೇರವಾಗಿ ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಇದ್ದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಈ ಕಡೆ ಎಲ್ಲರೂ ನನ್ನನ್ನು ರೈಟರ್ ಎನ್ನುತ್ತಾರೆ. ಹೆದರಬೇಡಿ, ಕಥೆ ಕವನ ಬರೆದವನಲ್ಲ. ಕಾಫಿ ಎಸ್ಟೇಟಿನಲ್ಲಿ ರೈಟರ್ ಎಂದರೆ ಬೆಳಗ್ಗೆ ಆಳುಗಳ ಹಾಜರಿ ಬರೆದುಕೊಂಡು, ಯಾರು ಎಲ್ಲಿ ಕಳೆ ಕೀಳಬೇಕು, ಯಾರು ಎಲ್ಲಿ ನೆರಳಿನ ಮರದ ಕೊಂಬೆ ಕಡಿದು ಮರಗಸಿ ಮಾಡಬೇಕು ಎಂದು ಹೇಳಿ, ಸಂಜೆಯವರೆಗೆ ಕೊಡೆ ಊರಿಕೊಂಡು ಓಡಾಡುವವನು. ಹಾನುಬಾಳಿನ ಮೇಲಿನ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ಹೀಗೆ ಓಡಾಡಿದ್ದೇನೆ. ಹುಟ್ಟಿದ್ದೂ ಅದೇ ಎಸ್ಟೇಟಿನ ಲೈನಿನಲ್ಲಿ, ಸಾಲುಮನೆಗಳ ಕೊನೆಯ ಮನೆಯಲ್ಲಿ. ಅಪ್ಪ ಸ್ಟೋರಿನಲ್ಲಿ ಕಾಫಿ ಮೂಟೆ ಹೊಲಿಯುತ್ತಿದ್ದ.

ನಮಗೆ ಬೆಳಗಾಗುತ್ತಿದ್ದುದು ಧಣಿಗಳ ಜೀಪಿನಿಂದ. ಚಳಿಗೆ ಅದು ಸ್ಟಾರ್ಟ್ ಆಗುತ್ತಿರಲಿಲ್ಲ. "ಬರ್ರೋ ಹೈಕ್ಳಾ" ಎಂದು ಡ್ರೈವರು ಒಂದು ಕೂಗು ಹಾಕಿದರೆ ಸಾಕು, ಮುಖ ತೊಳೆದವರು ತೊಳೆಯದವರು ಎಲ್ಲರೂ ಓಡಿ ಹೋಗಿ ಹಿಂದಿನಿಂದ ತಳ್ಳುತ್ತಿದ್ದೆವು. ಅದು ಕೆಮ್ಮಿ ಕ್ಯಾಕರಿಸಿ, ಒಂದು ಮಂಕರಿ ಹೊಗೆಯನ್ನು ನಮ್ಮ ಮುಖಕ್ಕೆ ಬಿಟ್ಟು ಹೊರಡುತ್ತಿತ್ತು. ತಳ್ಳಿದ್ದಕ್ಕೆ ಬಹುಮಾನ, ಸ್ಟೋರಿನಿಂದ ಗೇಟಿನವರೆಗೆ ಸವಾರಿ. ಆದರೆ ಅದು ನಿಲ್ಲುತ್ತಿರಲಿಲ್ಲ, ಓಡುತ್ತಾ ಹತ್ತಬೇಕು. ನಾನು ದಪ್ಪಗಿದ್ದೆ. ಹತ್ತಿದವರ ಕಾಲು ನೋಡುತ್ತಾ ಗೇಟಿನವರೆಗೆ ನಡೆದು ಹೋಗಿ, ಅವರು ಇಳಿದ ಮೇಲೆ ಅವರ ಜೊತೆ ವಾಪಸು ನಡೆದು ಬರುತ್ತಿದ್ದೆ. ಪೆಟ್ರೋಲು, ಒದ್ದೆ ಗೋಣಿ, ಕಾಫಿ ಹೊಟ್ಟು ಸೇರಿದ ಆ ವಾಸನೆ ಮಾತ್ರ ದಿನವಿಡೀ ಅಂಗಿಯಲ್ಲಿ ಇರುತ್ತಿತ್ತು. ಮುಂದೆ ಒಂದು ದಿನ ನನ್ನದೇ ಜೀಪು ಮಾಡಿಕೊಂಡು, ಯಾರು ಕೈ ತೋರಿದರೂ ನಿಲ್ಲಿಸಿ ಹತ್ತಿಸಿಕೊಳ್ಳುತ್ತೇನೆ ಎಂದು ಆ ಗೇಟಿನಲ್ಲೇ ನಿಂತು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆ ಆಸೆ ನೆರವೇರಿದಾಗ ನನಗೆ ಐವತ್ತು ದಾಟಿತ್ತು. ನೆರವೇರಿದ್ದು ಬಷೀರ್ ಅವರ ದೆಸೆಯಿಂದ. ಸಕಲೇಶಪುರದಲ್ಲಿ ಅವರದೊಂದು ಗ್ಯಾರೇಜು. ಎಸ್ಟೇಟಿನ ಜೀಪುಗಳನ್ನು ಅಲ್ಲಿಗೆ ತೆಗೆದುಕೊಂಡು ಹೋಗಿ ಕೂತು ಕೂತು ನಾವಿಬ್ಬರೂ ಸ್ನೇಹಿತರಾದೆವು. ಮೂರನೆಯವನು ಜಯಣ್ಣ, ನಮ್ಮಿಬ್ಬರಿಗಿಂತ ಹತ್ತು ವರ್ಷ ಚಿಕ್ಕವನು. ಆಲೂರು ತಾಲ್ಲೂಕಿನ ಮಗ್ಗೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಗೇಟು, ಕಿಟಕಿ, ಟ್ರೈಲರು, ಏನು ಕೊಟ್ಟರೂ ಬೆಸುಗೆ ಹಾಕುತ್ತಿದ್ದ. ಬಷೀರ್ ಗ್ಯಾರೇಜಿನ ಹಿತ್ತಿಲಲ್ಲಿ ಮಿಲಿಟರಿ ಹರಾಜಿನಿಂದ ಕೈಯಿಂದ ಕೈಗೆ ಬಂದ ಒಂದು ಜೀಪಿನ ಚಾಸಿ, ಅಂದರೆ ಬರೀ ಕೆಳಗಿನ ಕಬ್ಬಿಣದ ಚೌಕಟ್ಟು, ಬಿದ್ದಿತ್ತು. ಅದರ ಮೇಲೆ ಸೋರೆ ಬಳ್ಳಿ ಹಬ್ಬಿತ್ತು. ಒಂದು ದಿನ ಜಯಣ್ಣ ಬಳ್ಳಿ ಸರಿಸಿ ನೋಡಿ, "ಸಾಬ್ರೆ, ಮೂಳೆ ಗಟ್ಟಿಯಾಗೈತೆ ಕಣ್ರೀ. ಮಾಂಸ ತುಂಬೋಣ" ಎಂದ. ಹಾಗೆ ಶುರುವಾಯಿತು.

ಮಾಂಸ ತುಂಬಲು ಮೂರು ವರ್ಷ ಹಿಡಿಯಿತು. ಎಂಜಿನು ಒಂದು ಗುಜರಿ ಟ್ಯಾಕ್ಸಿಯದು, ಗೇರ್‌ಬಾಕ್ಸ್ ಇನ್ನೊಂದರದು, ಹಿಂದಿನ ಆಕ್ಸಲ್ ಮತ್ತೊಂದರದು, ಸೀಟು ಹಳೇ ಬಸ್ಸಿನದು. ಬಾಡಿಯ ತಗಡೆಲ್ಲ ಜಯಣ್ಣನ ಕೈಯದು. ಅವನಿಗೆ ಬರುತ್ತಿದ್ದ ಕುಸುರಿ ಎಂದರೆ ಗೇಟಿನ ಕುಸುರಿ ಒಂದೇ, ಹಾಗಾಗಿ ನಮ್ಮ ಜೀಪಿನ ಹಿಂದಿನ ಬಾಗಿಲಲ್ಲಿ ಉದಯಿಸುವ ಸೂರ್ಯನೂ ಅವನ ಎರಡು ಪಕ್ಕದಲ್ಲಿ ಬಾತುಕೋಳಿಗಳೂ ಇದ್ದವು. ಮೊದಲ ಸಲ ಮನೆಗೆ ತಂದಾಗ ವಿಮಲ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದೇನ್ರೀ, ಬೆರಕೆ ಸೊಪ್ಪು" ಎಂದಳು. ಹೊಲದ ಬದುವಿನಲ್ಲಿ ಸಿಕ್ಕ ಸಿಕ್ಕ ಸೊಪ್ಪೆಲ್ಲ ಕಿತ್ತು ತಂದು ಒಂದೇ ಮಡಕೆಗೆ ಹಾಕಿ ಮಾಡುವ ಸಾರು ಇದೆಯಲ್ಲ, ಅದೇ ಹೆಸರು ನಿಂತುಬಿಟ್ಟಿತು. ಆ ಸಾರಿನ ರುಚಿ ಬಲ್ಲವರಿಗೆ ಅದು ಬೈಗುಳವಲ್ಲ ಎಂದು ಗೊತ್ತು.

ಇಂಥ ಗಾಡಿಯ ಕಷ್ಟ ಏನು ಗೊತ್ತೆ? ನಟ್ಟು ಬೋಲ್ಟಿನಲ್ಲೂ ಎರಡು ಜಾತಿ. ಹಳೇ ಮಿಲಿಟರಿ ಭಾಗಗಳೆಲ್ಲ ಇಂಚಿನ ಅಳತೆಯವು. ಆಮೇಲೆ ಬಂದ ಗಾಡಿಗಳದು ಎಂಎಂ. ಕಣ್ಣಿಗೆ ಎರಡೂ ಒಂದೇ ಥರ. ಥ್ರೆಡ್ಡಿನ ಸುತ್ತು ಮಾತ್ರ ಕೂದಲೆಳೆಯಷ್ಟು ಬೇರೆ. ಒಂದೇ ಕಂಪನಿಯ ಗಾಡಿ ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ. ನಮ್ಮದರಲ್ಲಿ ಒಂದೇ ಚಕ್ರದ ಹತ್ತಿರ ಇಂಚೂ ಎಂಎಮ್ಮೂ ಪಕ್ಕಪಕ್ಕ ಕೂತಿರುತ್ತಿದ್ದವು. ಅದಕ್ಕೇ ಬಷೀರ್ ಎರಡು ತಗಡಿನ ಪೆಟ್ಟಿಗೆ ಮಾಡಿಸಿದ್ದರು. ಒಂದರ ಮೇಲೆ ಇಂಚು, ಇನ್ನೊಂದರ ಮೇಲೆ ಎಂಎಂ ಎಂದು ಬಿಳಿ ಬಣ್ಣದಲ್ಲಿ ಬರೆಸಿದ್ದರು. ಆ ಅಕ್ಷರ ಬರೆದವನು ನಾನೇ. ರೈಟರ್ ಅಲ್ಲವೇ.

ಬಷೀರ್ ಹೇಳಿಕೊಟ್ಟದ್ದು ಎರಡೇ ಪಾಠ. ಮೊದಲನೆಯದು, ಸ್ಪ್ಯಾನರ್ ಹಿಡಿಯುವ ಮೊದಲು ನಟ್ಟು ಬರಿ ಬೆರಳಿನಲ್ಲಿ ಮೂರು ಸುತ್ತು ಹೋಗಬೇಕು. "ಹೋಗ್ಲಿಲ್ವಾ, ಅದು ಆ ಮನೆ ಮಗ ಅಲ್ಲ. ವಾಪಸ್ ಕಳ್ಸಿ" ಎನ್ನುತ್ತಿದ್ದರು. ಎರಡನೆಯದು, ಯಾರು ಬಿಚ್ಚಿದರೋ ಅವರೇ ಮೊದಲ ಇಳಿಜಾರು ಇಳಿಸಬೇಕು. ಇಳಿಜಾರಿನ ನೆತ್ತಿಯಲ್ಲಿ ಸ್ಟೇರಿಂಗ್ ಕೈ ಬದಲಾಯಿಸುವಾಗ, "ಏನಾದ್ರೂ ಬಿಚ್ಚಿದ್ರಾ?" ಎಂದು ಕೇಳಿಯೇ ಕೂರಬೇಕು. ಊಟಕ್ಕೆ ಮೊದಲು ಕೈ ತೊಳೆದ ಹಾಗೆ ಅದು ನಮಗೆ ರೂಢಿಯಾಗಿತ್ತು.

ಜೀಪು ಇರುತ್ತಿದ್ದುದು ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ. ಭಾನುವಾರ ಇಬ್ಬರೂ ಬಂದುಬಿಡುತ್ತಿದ್ದರು. ಒಬ್ಬರು ಕೆಳಗೆ ಮಲಗಿ ಗ್ರೀಸು ಹೊಡೆಯುತ್ತಿದ್ದರೆ, ಇನ್ನೊಬ್ಬ ತಗಡಿಗೆ ತೇಪೆ ಹಾಕುತ್ತಿದ್ದ. ನನ್ನ ಕೆಲಸ ಟಾರ್ಚು ಹಿಡಿಯುವುದು, ನಟ್ಟುಗಳನ್ನು ಡೀಸೆಲಿನಲ್ಲಿ ತೊಳೆಯುವುದು, ಒಳಗೆ ಹೋಗಿ ಕಾಫಿ ತರುವುದು. ಟಾರ್ಚನ್ನೂ ಸರಿಯಾಗಿ ಹಿಡಿಯುತ್ತಿರಲಿಲ್ಲ. "ರೈಟ್ರೆ, ನನ್ ಮೂಗ್ಗೆ ಯಾಕ್ ಬಿಡ್ತೀರಾ, ನಟ್ ಅಲ್ಲೈತೆ" ಎಂದು ಜಯಣ್ಣ ತಾನು ಗಾಡಿಯ ಕೆಳಗೆ ನುಸುಳಿದಾಗಲೆಲ್ಲ ಕೂಗುತ್ತಿದ್ದ. ಕೆಲಸ ಮುಗಿದ ಮೇಲೆ ಹಾನುಬಾಳಿಗೆ ಇಳಿದು, ಅಲ್ಲಿಯ ಹೋಟೆಲಿನಲ್ಲಿ ಅಕ್ಕಿರೊಟ್ಟಿ ತಿಂದು, ಯಾವುದಾದರೂ ಗುಡ್ಡದ ನೆತ್ತಿಗೆ ಹತ್ತಿಸಿ ನಿಲ್ಲಿಸುತ್ತಿದ್ದೆವು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಂದು ಸಲ ಕೆ. ಹೊಸಕೋಟೆ ಕಡೆಯಿಂದಲೂ ಹೀಗೆ ಕೈಯಾರೆ ಗಾಡಿ ಕಟ್ಟಿಕೊಂಡ ಹುಚ್ಚರು ಬರುತ್ತಿದ್ದರು. ಬಾನೆಟ್ ಎತ್ತಿ ಒಬ್ಬರ ಎಂಜಿನಿಗೆ ಇನ್ನೊಬ್ಬರು ಕಿವಿ ಕೊಟ್ಟು, ಮೊಮ್ಮಗುವನ್ನು ನೋಡಲು ಬಂದ ನೆಂಟರ ಹಾಗೆ ಮಾತಾಡುತ್ತಿದ್ದೆವು. ದಾರಿಯಲ್ಲಿ ಯಾರು ಕೈ ತೋರಿದರೂ ನಿಲ್ಲಿಸಿ ಹತ್ತಿಸಿಕೊಂಡೆ. ಆ ಮಟ್ಟಿಗೆ ನಾನು ಮಾತು ಉಳಿಸಿಕೊಂಡವನು.

ಇಷ್ಟಾದರೂ ನನಗೊಂದು ಕೊರಗಿತ್ತು. ಗಾಡಿ ನೋಡಿದವರೆಲ್ಲ ಎಂಜಿನಿಗೆ ಬಷೀರ್ ಅವರನ್ನು, ಬಾಡಿಗೆ ಜಯಣ್ಣನನ್ನು ಹೊಗಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ದು ಏನು ರೈಟ್ರೆ?" ಎಂದು ಕೇಳುತ್ತಿದ್ದರು. "ಶೆಡ್ಡು" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ನಾನೂ ಒಂದು ದಿನ ಒಬ್ಬನೇ ಏನಾದರೂ ರಿಪೇರಿ ಮಾಡಿ, ಮಾಡಿದ ಮೇಲೆ ಹೇಳಿ, ಇಬ್ಬರ ಬಾಯಲ್ಲೂ ಭೇಷ್ ಅನ್ನಿಸಿಕೊಳ್ಳಬೇಕು ಎನ್ನುವ ಹಟ ಒಳಗೇ ಬೆಳೆಯುತ್ತಿತ್ತು. ಗೇಟಿನವರೆಗೆ ನಡೆದುಕೊಂಡೇ ಹೋಗುತ್ತಿದ್ದ ಆ ದಪ್ಪ ಹುಡುಗ ನನ್ನೊಳಗೆ ಇನ್ನೂ ಇದ್ದನೆಂದು ಕಾಣುತ್ತದೆ.

ಎರಡು ವರ್ಷದ ಹಿಂದಿನ ಒಂದು ಶನಿವಾರ. ಬಷೀರ್ ಅಕ್ಕನ ಮಗಳ ಮದುವೆಗೆಂದು ಬೇಲೂರಿಗೆ ಹೋಗಿದ್ದರು. ಭಾನುವಾರ ಬೆಳಗ್ಗೆ ಬಸ್ಸಿನಲ್ಲಿ ನೇರ ಹಾನುಬಾಳಿಗೆ ಬಂದು ಹೋಟೆಲಿನಲ್ಲಿ ಕಾಯುತ್ತೇನೆ, ನೀವಿಬ್ಬರೂ ಜೀಪು ತನ್ನಿ ಎಂದಿದ್ದರು. ನಾನು ಶೆಡ್ಡಿನಲ್ಲಿ ಜೀಪು ತೊಳೆಯುತ್ತಿದ್ದಾಗ ಹಿಂದಿನ ಎಡ ಚಕ್ರದ ಕೆಳಗೆ ಒಂದು ಹನಿ ಎಣ್ಣೆ ಕಂಡಿತು. ಬ್ರೇಕ್ ಆಯಿಲ್. ಅಲ್ಲಿಗೆ ಬರುವ ಗೇಣುದ್ದದ ಪೈಪಿನ ಕೊನೆಯಲ್ಲಿದ್ದ ಇಂಚಿನ ನಟ್ಟು ಸವೆದು ಹೋಗಿತ್ತು. ನನ್ನ ಮನಸ್ಸು ಕುಣಿಯಿತು. ಫೋನು ಜೇಬಿನಲ್ಲೇ ಇತ್ತು, ಬಷೀರ್ ಅವರಿಗೆ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಅದು ಅವರ ರಿಪೇರಿಯಾಗಿಬಿಡುತ್ತಿತ್ತು.

ಇಂಚಿನ ಪೆಟ್ಟಿಗೆಯಲ್ಲಿದ್ದ ಪೈಪುಗಳೆಲ್ಲ ಗಿಡ್ಡ. ಎಂಎಂ ಪೆಟ್ಟಿಗೆಯಲ್ಲಿ ಅಳತೆ ಮಾಡಿ ಕತ್ತರಿಸಿದ ಹಾಗೆ ಒಂದು ಪೈಪು ನಟ್ಟಿನ ಸಮೇತ ಇತ್ತು. ಇಟ್ಟು ನೋಡಿದೆ. ಬೆರಳಿನಲ್ಲಿ ಒಂದು ಸುತ್ತು ಹೋಗಿ ನಿಂತಿತು. ಕೂದಲೆಳೆ ವ್ಯತ್ಯಾಸ ತಾನೆ, ಧೂಳು ಕೂತಿರಬಹುದು ಎಂದುಕೊಂಡು ಸ್ಪ್ಯಾನರ್ ಹಾಕಿದೆ. ಅದು ಕಿರುಗುಟ್ಟುತ್ತಾ ಒಳಗೆ ಹೋಯಿತು. ಎಷ್ಟು ಬಿಗಿಯಾಗಿ ಕೂತಿತೆಂದರೆ ನನಗೆ ನನ್ನ ತೋಳಿನ ಮೇಲೆಯೇ ಅಭಿಮಾನ ಬಂತು. ಯಾಕೆಂದು ಹೇಳದೆ ವಿಮಲಳನ್ನು ಕರೆದು ಪೆಡಲು ಒತ್ತಿಸಿ, ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದೆ, ಬಟ್ಟೆಯಿಂದ ಒರೆಸಿ ಹತ್ತು ಸಲ ಒತ್ತಿಸಿದೆ. ಒಂದು ಹನಿಯೂ ಬರಲಿಲ್ಲ. ರೊಟ್ಟಿ ತಿನ್ನುವಾಗ ಇಬ್ಬರಿಗೂ ಹೇಗೆ ಹೇಳಬೇಕು ಎನ್ನುವುದನ್ನೂ ಅವತ್ತೇ ಯೋಚಿಸಿಟ್ಟುಕೊಂಡೆ. ಮೊದಲು ಬ್ರೇಕ್ ಹೇಗಿದೆ ಎಂದು ಕೇಳುವುದು. ಅವರು ಚೆನ್ನಾಗಿದೆ ಎಂದ ಮೇಲೆ ಹೇಳುವುದು.

ಭಾನುವಾರ ಎಂಟು ಗಂಟೆಗೆ ಜಯಣ್ಣ ಮಗ್ಗೆಯಿಂದ ಬೈಕಿನಲ್ಲಿ ಬಂದ. ಎಸ್ಟೇಟಿನ ಸಪಾಟು ರಸ್ತೆಯಲ್ಲಿ ನಾನೇ ಓಡಿಸಿದೆ. ಹಾನುಬಾಳಿಗೆ ಇಳಿಯುವ ರಸ್ತೆಯ ನೆತ್ತಿ ಬಂದಾಗ ಯಾವಾಗಿನಂತೆ ನಿಲ್ಲಿಸಿದೆ. ಬಾಲ್ಯದಿಂದ ಜೀಪಿನ ಕನಸು ಕಂಡ ಈ ಶೂರನಿಗೆ ಇಳಿಜಾರೆಂದರೆ ಭಯ. ಪ್ರತಿ ಸಲವೂ ಅಲ್ಲಿಂದ ಜಯಣ್ಣನೇ ಓಡಿಸುತ್ತಿದ್ದ. ಆ ಕಡೆಯಿಂದ ಸುತ್ತಿ ಬಂದು ಸ್ಟೇರಿಂಗ್ ಹಿಡಿದುಕೊಂಡು ರೂಢಿಯಂತೆ ಕೇಳಿದ.

"ಏನಾರ ಬಿಚ್ಚಿದ್ರಾ ರೈಟ್ರೆ?"

"ಇಲ್ಲ ಮಾರಾಯ, ತೊಳೆದೆ ಅಷ್ಟೆ."

ಹಾಗೆ ಹೇಳುವಾಗ ನಾನು ಒಳಗೊಳಗೇ ನಗುತ್ತಿದ್ದೆ.

ಮೊದಲ ತಿರುವು ದಾಟಿತು. ಎರಡನೆಯ ತಿರುವಿಗೆ ಅವನು ಬ್ರೇಕ್ ಒತ್ತಿದ, ಪೆಡಲು ನೆಲಕ್ಕೆ ಹೋಯಿತು. ಹಳೇ ಜೀಪಿನ ಬ್ರೇಕಿಗೆ ಒಂದೇ ದಾರಿ. ಒಂದು ಚಕ್ರದಲ್ಲಿ ಸೋರಿದರೆ ನಾಲ್ಕಕ್ಕೂ ಇಲ್ಲ. "ಬ್ರೇಕ್ ಹೋಯ್ತು ರೈಟ್ರೆ" ಎಂದ. ಟೀ ಆರಿ ಹೋಯಿತು ಎನ್ನುವಷ್ಟು ಸಹಜವಾಗಿ ಹೇಳಿದ. ಗೇರು ಇಳಿಸಿದ, ಹ್ಯಾಂಡ್‌ಬ್ರೇಕ್ ಎಳೆದ. ಗಾಡಿ ನಿಲ್ಲಲಿಲ್ಲ. ಕೆಳಗಿನ ತಿರುವಿನಲ್ಲಿ ಲೈನಿನ ಹೆಂಗಸರು ಭಾನುವಾರದ ಸಾಮಾನಿಗೆಂದು ಚೀಲ ಹಿಡಿದು ಸಾಲಾಗಿ ನಡೆದು ಹೋಗುತ್ತಿದ್ದರು. ಅವರನ್ನು ನೋಡಿದವನೇ "ಹಾರ್ಬುಡಿ" ಎಂದು ಕೂಗಿ, ಜೀಪನ್ನು ರಸ್ತೆಯ ಮೇಲುಬದಿಯ ಮಣ್ಣಿನ ಧರೆಗೆ ತಿರುಗಿಸಿದ. ನಾನು ಹಾರಲಿಲ್ಲ, ಎಗರಿ ಬಿದ್ದೆ. ಕಾಫಿ ಗಿಡಗಳ ಮೇಲೆ ಬಿದ್ದುದರಿಂದ ಭುಜದ ಮೂಳೆ ಮಾತ್ರ ಮುರಿಯಿತು. ಜೀಪು ಧರೆ ಹತ್ತಿ ಮಗುಚಿತು. ಜಯಣ್ಣ ಅದರ ಅಡಿಯಲ್ಲಿದ್ದ. ಹೆಂಗಸರೇ ಓಡಿ ಬಂದು ಎತ್ತಿದರು. ಅಷ್ಟರಲ್ಲಿ ಮುಗಿದಿತ್ತು. ಕೆಳಗಿನ ಹೋಟೆಲಿನಿಂದ ಬಷೀರ್ ಚಪ್ಪಲಿಯಿಲ್ಲದೆ ಓಡಿ ಬಂದರು. ಮದುವೆಗೆ ಹೊಲಿಸಿದ್ದ ಹೊಸ ಜುಬ್ಬದಲ್ಲೇ ನೆಲದ ಮೇಲೆ ಕೂತು ಜಯಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ವಿಚಾರಣೆಯಲ್ಲಿ ಬ್ರೇಕ್ ಕೆಟ್ಟಿತ್ತು ಎಂದು ಬರೆದುಕೊಂಡರು. ಬ್ರೇಕಿನ ಕೆಲಸ ಯಾರು ಮಾಡುತ್ತಿದ್ದರು ಎಂದು ಕೇಳಿದಾಗ ಬಷೀರ್, "ನಾನೇ" ಎಂದರು. ಅವರಿಗೆ ಆಗ ಗೊತ್ತಿದ್ದದ್ದು ಅಷ್ಟೇ. ನಾನು ಪಕ್ಕದಲ್ಲೇ ಕೈಗೆ ಜೋಳಿಗೆ ಕಟ್ಟಿಕೊಂಡು ಕೂತಿದ್ದೆ. ನೋವಿನವನು ಎಂದು ನನ್ನನ್ನು ಯಾರೂ ಹೆಚ್ಚು ಮಾತಾಡಿಸಲಿಲ್ಲ. ನೋವು ಅಷ್ಟೇನೂ ಇರಲಿಲ್ಲ.

ತಿಂಗಳು ಕಳೆದ ಮೇಲೆ ನಜ್ಜುಗುಜ್ಜಾದ ಬೆರಕೆ ಸೊಪ್ಪನ್ನು ಗ್ಯಾರೇಜಿನ ಹಿತ್ತಿಲಿಗೆ ತಂದು ಹಾಕಿದರು. ನನ್ನೆದುರಿಗೇ ಬಷೀರ್ ಚಕ್ರದಿಂದ ಚಕ್ರಕ್ಕೆ ಹೋಗಿ ಬಿಚ್ಚುತ್ತಾ ಬಂದರು. ಹಿಂದಿನ ಎಡ ಚಕ್ರದ ಹತ್ತಿರ ಕೂತು, ಕಿತ್ತು ಬಂದಿದ್ದ ಪೈಪಿನ ನಟ್ಟನ್ನೂ ಅರೆದು ಹೋದ ಅದರ ಥ್ರೆಡ್ಡನ್ನೂ ಬೆರಳಿನಲ್ಲಿ ಸವರಿ ನೋಡಿದರು. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದರು.

"ಇದನ್ನ ಯಾವಾಗ ಹಾಕಿದ್ರಿ ರೈಟ್ರೆ?"

"ಶನಿವಾರ."

"ಬೆರಳಲ್ಲಿ ಹೋಯ್ತಾ?"

"ಇಲ್ಲ."

"ಸರಿ" ಎಂದು ಎದ್ದು ಕೈ ತೊಳೆದುಕೊಂಡರು. ಅವತ್ತು ಬೈದಿದ್ದರೆ, ಎರಡು ಬಿಟ್ಟಿದ್ದರೆ, ಅಲ್ಲೇ ಕಾಲಿಗೆ ಬಿದ್ದು ಊರಿಗೆಲ್ಲ ಹೇಳಿಬಿಡುತ್ತಿದ್ದೆನೇನೋ. ಅವರು ಬೈಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಇವರು ದೊಡ್ಡ ಮನುಷ್ಯ, ನನ್ನನ್ನು ಕ್ಷಮಿಸಿಬಿಟ್ಟರು ಎಂದು ನಾನು ತೀರ್ಮಾನಿಸಿಕೊಂಡೆ. ಹಾಗೆ ತೀರ್ಮಾನಿಸಿಕೊಳ್ಳುವುದು ನನಗೆ ಬಹಳ ಅನುಕೂಲವಾಗಿತ್ತು.

ಆಮೇಲಿನ ಎರಡು ವರ್ಷದಲ್ಲಿ ಮಾತು ಬೆಳೆದ ಬಗೆಯನ್ನು ನಾನು ಕಣ್ಣಾರೆ ನೋಡಿದೆ. ಮೊದಲು "ಪಾಪ, ಬ್ರೇಕ್ ಸರಿ ಇರ್ಲಿಲ್ವಂತೆ" ಎಂದು ಇತ್ತು. ಆಮೇಲೆ "ಸಾಬ್ರು ಸರ್ಯಾಗಿ ನೋಡಿರ್ಲಿಲ್ವಂತೆ" ಎಂದಾಯಿತು. ಒಂದು ವರ್ಷ ತುಂಬುವ ಹೊತ್ತಿಗೆ, ತಿಥಿಗೆಂದು ಮಗ್ಗೆಗೆ ಹೋಗಿದ್ದಾಗ, ಬಸ್ ನಿಲ್ಲುವ ಕಡೆಯ ಟೀ ಅಂಗಡಿಯಲ್ಲಿ ಒಬ್ಬ, "ಅವತ್ತೇ ಯಾಕೆ ಅವ್ನು ಗಾಡೀಲಿ ಇರ್ಲಿಲ್ಲ ಹೇಳಿ? ಗೊತ್ತಿತ್ತು ಅವ್ನಿಗೆ" ಎಂದ. ಯಾರೂ ಇಲ್ಲ ಎನ್ನಲಿಲ್ಲ. ನಾನು ಆ ಬೆಂಚಿನ ತುದಿಯಲ್ಲೇ ಕೂತು ಬಸ್ಸಿನ ದಾರಿ ನೋಡುತ್ತಿದ್ದೆ. ಬಸ್ಸು ಬಂತು, ಹತ್ತಿದೆ. ಇಪ್ಪತ್ತು ವರ್ಷದಿಂದ ಬಷೀರ್ ಹತ್ತಿರವೇ ಗಾಡಿ ಬಿಡುತ್ತಿದ್ದ ಎಸ್ಟೇಟಿನವರು ಒಬ್ಬೊಬ್ಬರಾಗಿ ಬೇರೆ ಕಡೆ ಬಿಡತೊಡಗಿದರು. ನಮ್ಮ ಎಸ್ಟೇಟಿನ ಜೀಪು ಕೂಡ ಹೋಯಿತು. ಅದನ್ನು ಬೇರೆ ಗ್ಯಾರೇಜಿಗೆ ತೆಗೆದುಕೊಂಡು ಹೋದವನೂ ನಾನೇ.

ಕಳೆದ ತಿಂಗಳು ಸಕಲೇಶಪುರಕ್ಕೆ ಹೋದಾಗ ಬಷೀರ್ ಗ್ಯಾರೇಜಿನ ಸಾಮಾನನ್ನು ಲಾರಿಗೆ ತುಂಬಿಸುತ್ತಿದ್ದರು. ಚಿಕ್ಕಮಗಳೂರಿನಲ್ಲಿ ಭಾಮೈದನದು ಲಾರಿ ಶೆಡ್ಡು ಇದೆಯಂತೆ. ಅಲ್ಲಿ ಕೆಲಸಕ್ಕೆ ಸೇರಿಕೊಳ್ಳುತ್ತೇನೆ ಎಂದರು. ಅವರ ಕೈ ಕೆಳಗೆ ಕಲಿತವರೇ ಈಗ ಮೂರು ಊರಲ್ಲಿ ಗ್ಯಾರೇಜು ಇಟ್ಟಿದ್ದಾರೆ. ಇವರು ಈ ವಯಸ್ಸಿನಲ್ಲಿ ಇನ್ನೊಬ್ಬರ ಶೆಡ್ಡಿನಲ್ಲಿ ಆಳಾಗಿ ನಿಲ್ಲಲು ಹೊರಟಿದ್ದರು.

"ನೀವು ಯಾಕೆ ಒಬ್ಬರಿಗೂ ಹೇಳ್ಲಿಲ್ಲ ಬಷೀರಣ್ಣ?" ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ.

ಅವರು ಹಗ್ಗ ಬಿಗಿಯುವುದನ್ನು ನಿಲ್ಲಿಸಿದರು. "ನಾನ್ ಹೇಳಿದ್ರೆ ಯಾರು ನಂಬೋರು ರೈಟ್ರೆ? ತಪ್ಪಿಸ್ಕೊಳ್ಳೋಕೆ ನಿಮ್ಮ ಮೇಲೆ ಹಾಕ್ತಾವ್ನೆ ಅಂತಿದ್ರು. ಅದು ನೀವು ಹೇಳ್ಬೇಕಾಗಿದ್ದ ಮಾತು. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾಯ್ದೆ."

ನಾನು ಅಂದುಕೊಂಡಿದ್ದ ಕ್ಷಮೆ ಅಲ್ಲಿ ಇರಲೇ ಇಲ್ಲ. ಎರಡು ವರ್ಷ ಅವರು ಬರೀ ಕಾಯುತ್ತಿದ್ದರು. ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡಿಗೆ ಬಂದು ಮಗ್ಗೆಯ ಕಡೆಗೆ ಹೋಗುವ ಬಸ್ಸು ಹತ್ತಿದೆ.

ಜಯಣ್ಣನ ಹೆಂಡತಿ ಶಾರದಮ್ಮ ಜಗುಲಿಯಲ್ಲಿ ಮುಸುಕಿನ ಜೋಳ ಬಿಡಿಸುತ್ತಾ ಕೂತಿದ್ದರು. "ಬನ್ನಿ ಅಣ್ಣ" ಎಂದು ಮಣೆ ಹಾಕಿದರು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಹನಿ ಎಣ್ಣೆ, ಎಂಎಂ ಪೆಟ್ಟಿಗೆ, ಸ್ಪ್ಯಾನರ್, ಎಲ್ಲ. ಅವರು ಕೈಯಲ್ಲಿದ್ದ ತೆನೆಯನ್ನು ಬಿಡಿಸುತ್ತಲೇ ಕೇಳಿದರು, ಅದು ಬರಿದಾದ ಮೇಲೂ ಬೆರಳು ಆಡಿಸುತ್ತಲೇ ಇದ್ದರು.

"ನಮ್ಮನೆಯೋರು ನಿಮ್ಮನ್ನ ಕೇಳ್ಲಿಲ್ವಾ? ಏನಾರ ಬಿಚ್ಚಿದ್ರಾ ಅಂತ ಕೇಳೇ ಕೂರೋದು ಅಂತ ಮನೇಲೂ ಹೇಳೋರು."

"ಕೇಳಿದ. ಇಲ್ಲ ಅಂದೆ."

ಅವರು ಅಳುತ್ತಾರೆ, ಶಾಪ ಹಾಕುತ್ತಾರೆ ಎಂದು ಕಾದೆ. ಅವರ ಬಾಯಿಂದ ಬಂದ ಮಾತು ಬಷೀರ್ ಬಗ್ಗೆ. "ಆವಪ್ಪ ಹಬ್ಬಕ್ಕೆ ನನ್ ಮಗಳಿಗೆ ಬಟ್ಟೆ ತಗೊಂಡು ಬಂದಿತ್ತು ಅಣ್ಣ. ನಾನು ಮುಖದ ಮೇಲೆ ಬಾಗಿಲು ಹಾಕ್ಬುಟ್ಟೆ. ಕಿಟಕೀಲಿ ನೋಡ್ದೆ, ಬಾಗ್ಲಿಗೆ ಕೈ ಮುಗಿದು ಹೋಯ್ತು."

ಆಮೇಲೆ ಸೆರಗಿನಲ್ಲಿದ್ದ ಕಾಳು ಕೊಡವಿ ಎದ್ದರು. "ನಂಗೊಬ್ಳಿಗೆ ಹೇಳಿದ್ರೆ ಸಾಲ್ದು. ನಡೀರಿ" ಎಂದರು.

ಟೀ ಅಂಗಡಿಯಲ್ಲಿ ಐದಾರು ಜನ ಇದ್ದರು. ತಿಥಿಯ ದಿನ "ಗೊತ್ತಿತ್ತು ಅವ್ನಿಗೆ" ಎಂದವನೂ ಇದ್ದ. ಶಾರದಮ್ಮ ರಸ್ತೆಯಲ್ಲೇ ನಿಂತು, "ರೈಟ್ರು ಏನೋ ಹೇಳ್ಬೇಕಂತೆ, ಕೇಳಿ" ಎಂದರು. ನಾನು ಹೇಳಿದೆ. ಬ್ರೇಕ್ ಬಿಚ್ಚಿದ್ದು ನಾನು, ತಪ್ಪು ನಟ್ಟು ಹಾಕಿದ್ದು ನಾನು, ಕೇಳಿದಾಗ ಸುಳ್ಳು ಹೇಳಿದ್ದು ನಾನು, ಬಷೀರ್ ಅದನ್ನು ಮುಟ್ಟಿಯೇ ಇರಲಿಲ್ಲ ಎಂದೆ. ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ.

"ಅಯ್ಯೋ ಬುಡಿ ರೈಟ್ರೆ" ಎಂದರು ಯಾರೋ. "ಬೇಕೂಂತ ಮಾಡಿದ್ರಾ ನೀವು?"

"ಅವ್ನ ಆಯಸ್ಸು ಅಷ್ಟೇ ಇತ್ತು. ನೀವೇನ್ ಮಾಡಕ್ಕಾಯ್ತದೆ?" ಎಂದ, ಗೊತ್ತಿತ್ತು ಅವನಿಗೆ ಎಂದಿದ್ದವನೇ.

ಒಬ್ಬರು ಬೆಂಚಿನ ಮೇಲೆ ಜಾಗ ಬಿಟ್ಟು ಕೈ ಹಿಡಿದು ಕೂರಿಸಿದರು. ಎರಡು ವರ್ಷ ಹೆಂಗೆ ಹೊಟ್ಟೇಲಿ ಇಟ್ಕೊಂಡಿದ್ರೋ ಪಾಪ ಎಂದು ಇನ್ನೊಬ್ಬರು ಮರುಗಿದರು. ಅಂಗಡಿಯವನು ಸಕ್ಕರೆ ಮುಂದಾಗಿ ಒಂದು ಟೀ ಮಾಡಿ ಕೈಗೆ ಕೊಟ್ಟ. ಹಿಂದಿನಿಂದ ಒಂದು ದನಿ, "ಆದ್ರೂ ಸಾಬ್ರು ಒಂದ್ಸಲ ನೋಡ್ಬೇಕಿತ್ತಲ್ವಾ" ಎಂದಿತು. ಹೌದು ಹೌದು ಎಂದರು. ನಾನು ತಲೆ ಎತ್ತಿ ನೋಡಿದಾಗ ಶಾರದಮ್ಮ ಅಲ್ಲಿರಲಿಲ್ಲ, ಮನೆಯ ದಾರಿ ಹಿಡಿದಿದ್ದರು. ಈಗ ಮಗ್ಗೆಯಲ್ಲಿ ನನಗೆ ಮೊದಲಿಗಿಂತ ಮರ್ಯಾದೆ ಹೆಚ್ಚು. ಸತ್ಯ ಒಪ್ಪಿಕೊಂಡ ಮನುಷ್ಯ ಎನ್ನುತ್ತಾರಂತೆ. ಕೇಳಿದಾಗಲೆಲ್ಲ ಮೈ ಮೇಲೆ ಹುಳ ಹರಿದ ಹಾಗಾಗುತ್ತದೆ.

ಮರುದಿನ ಬಷೀರ್ ಅವರಿಗೆ ಫೋನ್ ಮಾಡಿದೆ. ಆ ಕಡೆ ಲಾರಿಯ ಚಕ್ರ ಬಡಿಯುವ ಸದ್ದು ಕೇಳುತ್ತಿತ್ತು. ಶಾರದಮ್ಮನಿಗೆ ಹೇಳಿದ್ದನ್ನೂ, ಅವರು ನನ್ನನ್ನು ಟೀ ಅಂಗಡಿಗೆ ಕರೆದುಕೊಂಡು ಹೋದದ್ದನ್ನೂ ಹೇಳಿದೆ.

"ಅಂಗಡೀಲಿ ಏನಂದ್ರು?" ಎಂದು ಕೇಳಿದರು.

ಏನೇನೋ ಹೇಳಲು ಹೊರಟೆ, ಬಾಯಿಗೆ ಬಂದದ್ದು ಒಂದೇ. "ಟೀ ಕೊಟ್ರು" ಎಂದೆ.

ಅವರು ಫೋನು ಹಿಡಿದು ಶೆಡ್ಡಿನಿಂದ ಹೊರಗೆ ಬಂದರೆಂದು ಕಾಣುತ್ತದೆ, ಬಡಿಯುವ ಸದ್ದು ದೂರವಾಯಿತು.

"ಹಬ್ಬದ ದಿನ ಬಟ್ಟೆ ವಾಪಸ್ ತಗೊಂಡು ಬರ್ತಾ ನಾನೂ ಅಲ್ಲೇ ಕೂತೆ ರೈಟ್ರೆ. ಟೀ ಮುಗೀತು ಅಂದ್ರು. ಪಾತ್ರೇಲಿ ಕುದೀತಾ ಇತ್ತು."